ಐಡ್ಲ್ ಸ್ಕ್ರೂ ಮೇಲಿನ ಕೆಂಪು ಬಣ್ಣ

ಸೋಮವಾರ ಬೆಳಿಗ್ಗೆ 9.40ಕ್ಕೆ ಗ್ಯಾರೇಜಿನ ಹಿರಿಯ ಮೇಸ್ತ್ರಿ ಠಾಣೆಗೆ ಬಂದು ದೂರು ಕೊಟ್ಟ. ಹಿಂದಿನ ದಿನ ರೇಸಿನಲ್ಲಿ ಎಂಜಿನ್ ಜಾಮ್ ಆಗಿ ಕಾರು ಮಗುಚಿತ್ತು. ಓಡಿಸುತ್ತಿದ್ದ ಹುಡುಗಿಯ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಎಂಜಿನ್ ಕಟ್ಟಿದವನು ಅವಳ ಸ್ವಂತ ಅಣ್ಣ, ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವನು. ಅವನ ಬೇಜವಾಬ್ದಾರಿಯೇ ಕಾರಣವೆಂದು ಬರೆಸುವಾಗ ಮೇಸ್ತ್ರಿ ಎರಡು ಸಲ ಕಣ್ಣೊರೆಸಿಕೊಂಡ. ಎಫ್‌ಐಆರ್ ದಾಖಲಾಯಿತು.

11.15ಕ್ಕೆ ಪಂಚರೆದುರು ಎಂಜಿನ್ ಬಿಚ್ಚಿ ಪಂಚನಾಮೆ ಮಾಡಿದರು. ಆಯಿಲ್ ಭರ್ತಿ ಇತ್ತು, ಬೇರಿಂಗುಗಳು ಸುಟ್ಟಿದ್ದವು.

“ಆಯಿಲ್ ಇದ್ದೂ ಯಾಕೆ ಸುಟ್ಟಿತು?” ಇನ್ಸ್‌ಪೆಕ್ಟರ್ ಅಣ್ಣನನ್ನು ಕೇಳಿದರು.

“ರೇಸ್ ಎಂಜಿನ್ ಸರ್. ಕಾರು ನಿಂತಿದ್ದಾಗ್ಲೂ ನಿಮಿಷಕ್ಕೆ ಸಾವಿರದಿನ್ನೂರು ಸುತ್ತು ತಿರುಗ್ತಿರಬೇಕು, ಅದೇ ಐಡ್ಲ್. ಕಮ್ಮಿಯಾದ್ರೆ ಬೇರಿಂಗಿಗೆ ಆಯಿಲ್ ಮುಟ್ಟಲ್ಲ. ನಾನು ಮೀಟರ್ ನೋಡಿ ಸೆಟ್ ಮಾಡಿ, ಐಡ್ಲ್ ಸ್ಕ್ರೂಗೆ ಬಣ್ಣದ ಚುಕ್ಕೆ ಇಟ್ಟಿದ್ದೆ.”

ಸ್ಕ್ರೂ ಈಗ ಎರಡು ಸುತ್ತು ಸಡಿಲವಾಗಿತ್ತು. ಹಳೆಯ ಚುಕ್ಕೆ ಒಡೆದಿತ್ತು. ಅದರ ಮೇಲೆ ಹೊಸ ಕೆಂಪು ಬಣ್ಣವನ್ನು ಯಾರೋ ನೀಟಾಗಿ ಸುತ್ತಲೂ ಉಂಗುರದ ಹಾಗೆ ಬಳಿದಿದ್ದರು. ಕಾನ್‌ಸ್ಟೆಬಲ್ ಗ್ಯಾರೇಜಿನ ಉಳಿದ ಎಂಜಿನ್‌ಗಳನ್ನೆಲ್ಲ ನೋಡಿ ಬಂದ. ಅಣ್ಣ ಕಟ್ಟಿದವಕ್ಕೆ ಚುಕ್ಕೆ, ಮೇಸ್ತ್ರಿ ಕಟ್ಟಿದವಕ್ಕೆ ಉಂಗುರ. ಕೆಡಿಸುವ ಕೆಲಸವನ್ನೂ ಆ ಮನುಷ್ಯ ಅಚ್ಚುಕಟ್ಟಾಗಿ ಮಾಡಿದ್ದ.

ಮಧ್ಯಾಹ್ನ 2.30, ಆಸ್ಪತ್ರೆ. ಮೇಸ್ತ್ರಿ ಹಾಸಿಗೆ ಪಕ್ಕ ಕೂತು ಹುಡುಗಿಗೆ ಕಿತ್ತಳೆ ತೊಳೆ ಬಿಡಿಸಿ ತಿನ್ನಿಸುತ್ತಿದ್ದ.

“ರೇಸಿಗೆ ಮುಂಚೆ ಏನಾದ್ರೂ ಗೊತ್ತಾಯ್ತಾ?” ಇನ್ಸ್‌ಪೆಕ್ಟರ್ ಹುಡುಗಿಯನ್ನು ಕೇಳಿದರು.

“ಸ್ಟಾರ್ಟ್ ಲೈನಲ್ಲಿ ಕಾಯ್ತಿದ್ದಾಗ ಆಯಿಲ್ ದೀಪ ಮಿನುಗ್ತು ಸರ್. ಈ ಮಾಮಂಗೆ ಹೇಳ್ದೆ. ಏನಾಗಲ್ಲ, ಹೋಗಮ್ಮ ಅಂದ್ರು.”

ಇನ್ಸ್‌ಪೆಕ್ಟರ್ ಮೇಸ್ತ್ರಿಯತ್ತ ತಿರುಗಿದರಷ್ಟೇ.

“ಸ್ಕ್ರೂ ನಾನು ಮುಟ್ಟಿಲ್ಲ,” ಅಂದ ಅವನು.

ಸ್ಕ್ರೂ ಮಾತನ್ನು ಅಲ್ಲಿ ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹುಡುಗಿ ಬಾಯಲ್ಲಿದ್ದ ತೊಳೆಯನ್ನು ಕೈಗೆ ಉಗುಳಿಕೊಂಡಳು.

3.05ಕ್ಕೆ ಬಂಧನ. ಠಾಣೆಯಲ್ಲಿ ಅವನು ಒಪ್ಪಿಕೊಂಡ.

“ಮೂವತ್ತು ವರ್ಷ ಕಿವಿಯಲ್ಲೇ ಕೇಳಿ ಐಡ್ಲ್ ಇಟ್ಟವನು ನಾನು. ಕಿವಿ ಕಾಲ ಮುಗೀತು ಮಾಮ ಅಂತ ಅವಳ ಅಣ್ಣ ಎಲ್ಲರೆದುರು ನಕ್ಕ. ಎಂಜಿನ್ ಕೆಟ್ಟು ಅವನ ಮಾನ ಹೋಗ್ಲಿ ಅಂತಿದ್ದೆ, ಅಷ್ಟೇ.”

“ದೀಪ ಮಿನುಗ್ತಿದೆ ಅಂತ ಹುಡುಗಿ ಹೇಳಿದಳಲ್ಲ. ಆಗ?”

“ಅವಳನ್ನ ನಿಲ್ಲಿಸಿದ್ರೆ ಸ್ಕ್ರೂ ನೋಡ್ತಿದ್ರು.”

ಕೊಲೆಗಾರರ ಜೊತೆ ಕೂತು ಚಹಾ ಕುಡಿದವರು ಇನ್ಸ್‌ಪೆಕ್ಟರ್. ಅವತ್ತು ಮುಂದಿದ್ದ ಲೋಟವನ್ನು ಮುಟ್ಟಲು ಅವರಿಗೆ ಹೇಸಿಗೆಯಾಯಿತು. ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದ ಅಣ್ಣನನ್ನು ಕಳಿಸಿಕೊಡುವಾಗ ಅವನು ಬಾಗಿಲಲ್ಲಿ ನಿಂತ.

“ನಾನು ನಕ್ಕಿದ್ದು ನಿಜ ಸರ್,” ಅಂದ. “ತಂಗಿಗೆ ಅದನ್ನ ಹೇಗೆ ಹೇಳ್ಲಿ?”