ಸ್ವಲ್ಪ ಅಗಲದ ಟ್ರ್ಯಾಕ್ಟರ್

“ನಮ್ಮಪ್ಪ ಹಡಗಲ್ಲಿ ಯುದ್ಧ ಮಾಡ್ತಿದಾರೆ. ನಿಮ್ಮಮ್ಮ? ಟ್ರ್ಯಾಕ್ಟರ್‌ಗೆ ನಟ್ಟು ಹಾಕ್ತಾರೆ! ಶತ್ರು ಬಂದ್ರೆ ಆಲೂಗಡ್ಡೆಲಿ ಹೊಡೀತೀರಾ?”

ಶಾಲೆಯ ಅಂಗಳದಲ್ಲಿ ಸಿರಿಲ್ ಹೀಗೆಂದಾಗ ಎಲ್ಲರೂ ಗೊಳ್ಳೆಂದು ನಕ್ಕರು. ಐವಿಗೆ ಮೈಯೆಲ್ಲ ಉರಿಯಿತು.

“ಟ್ರ್ಯಾಕ್ಟರ್ ಅಲ್ವೋ ಪೆದ್ದ, ಟ್ಯಾಂಕು! ಬಸ್ಸಿಗಿಂತ ಉದ್ದ! ಅಂಥದ್ದು ಇಂಗ್ಲೆಂಡಲ್ಲೇ ಇನ್ನೊಂದಿಲ್ಲ. ನಾನೇ ನೋಡಿದೀನಿ!”

ನಗು ತಟ್ಟನೆ ನಿಂತಿತು. ಐವಿ ನೋಡಿದ್ದು ನಿಜ. ಅಮ್ಮನಿಗೆ ಊಟದ ಡಬ್ಬಿ ಕೊಡಲು ಕಾರ್ಖಾನೆಯ ಗೇಟಿಗೆ ಹೋದಾಗ ಗಾಳಿಗೆ ಅದರ ಮೇಲೆ ಮುಚ್ಚಿದ್ದ ಟಾರ್ಪಾಲು ಹಾರಿತ್ತು. “ನೀನೇನೂ ನೋಡಿಲ್ಲ, ತಿಳೀತಾ?” ಎಂದು ಅಮ್ಮ ಆವತ್ತೇ ಹೇಳಿದ್ದಳು.

ಸಿರಿಲ್ ಗೋಡೆಯ ಪೋಸ್ಟರ್ ಕಡೆ ಬೆರಳು ತೋರಿಸಿದ. ಯುದ್ಧದ ಗುಟ್ಟು ಆಡಬೇಡಿ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು.

“ಮುಗೀತು ಕಣೇ,” ಎಂದ ಮೆಲ್ಲಗೆ. “ಈಗ ಪೊಲೀಸರು ನಿಮ್ಮಮ್ಮನ್ನ ಹಿಡ್ಕೊಂಡು ಹೋಗ್ತಾರೆ.”

ಐವಿಗೆ ಆಮೇಲಿನ ಪಾಠ ಒಂದೂ ತಲೆಗೆ ಹೋಗಲಿಲ್ಲ.

ಸಂಜೆ ಅಮ್ಮ ಶತ್ರು ವಿಮಾನಗಳಿಗೆ ಬೆಳಕು ಕಾಣದಂತೆ ಕಿಟಕಿಗಳಿಗೆ ಕಪ್ಪು ಪರದೆ ಎಳೆದು ಸೂಪ್ ಬಡಿಸುತ್ತಿದ್ದಳು. ಯಾರೋ ಬಾಗಿಲು ತಟ್ಟಿದರು. ನೋಡಿದರೆ ಕಾನ್‌ಸ್ಟೇಬಲ್ ಪೆಲ್, ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದಾರೆ.

ಐವಿ ಚಮಚ ಬಿಟ್ಟು ಬಾಗಿಲಿಗೆ ಓಡಿದಳು.

“ಅಮ್ಮಂದೇನೂ ತಪ್ಪಿಲ್ಲ!” ಎಂದು ಬಿಕ್ಕಿದಳು. “ಟ್ಯಾಂಕಿನ ವಿಷ್ಯ ಹೇಳಿದ್ದು ನಾನು! ಅಮ್ಮನ್ನ ಕರ್ಕೊಂಡು ಹೋಗ್ಬೇಡಿ ಸಾರ್!”

ಪೆಲ್ ಅಮ್ಮನ ಮುಖ ನೋಡಿದರು. ಅಮ್ಮ ನೆಲ ನೋಡಿದಳು.

“ನಾನು ಬಂದಿದ್ದು ನಿಮ್ಮ ಮೊಲದ ಗೂಡಿನ ವಿಷ್ಯಕ್ಕಮ್ಮ,” ಎಂದರು ಪೆಲ್. “ಅದನ್ನ ರಸ್ತೆ ಬದಿಯಿಂದ ಒಳಗಿಡಿ. ನಾಳೆ ಬೆಳಿಗ್ಗೆ ಕಾರ್ಖಾನೆಯೋರು ಒಂದು ಟ್ರ್ಯಾಕ್ಟರ್ ಓಡಿಸಿ ನೋಡ್ತಾರೆ. ಸ್ವಲ್ಪ ಅಗಲದ ಟ್ರ್ಯಾಕ್ಟರ್.”

“ಟ್ರ್ಯಾಕ್ಟರಾ?” ಐವಿ ಕಣ್ಣೊರೆಸಿಕೊಂಡಳು.

“ಮತ್ತಿನ್ನೇನು? ಇಲ್ಲಿ ಯಾರೂ ಬೇರೆ ಏನೂ ಹೇಳಿದ್ದು ನನಗೆ ಕೇಳಿಸಿಲ್ಲ.” ಪೆಲ್ ಮೀಸೆಯಡಿಯಲ್ಲಿ ನಕ್ಕು ಪಕ್ಕದ ಮನೆಗೆ ಹೋದರು.

ಐವಿಗೆ ಹೋದ ಜೀವ ಬಂದಂತಾಯಿತು. ಆದರೆ ಅಮ್ಮ ನಗಲಿಲ್ಲ. ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು.

“ಅದರೊಳಗೆ ಕೂರೋದು ಯುದ್ಧಕ್ಕೆ ಹೋಗಿರೋ ನಮ್ಮ ರೆಗ್ ಮಾಮನಂಥ ಹುಡುಗರು, ಪುಟ್ಟಿ. ಅದಕ್ಕೇ ಬಾಯಿ ಮುಚ್ಕೊಂಡಿರು ಅನ್ನೋದು.”

ಬೆಳಿಗ್ಗೆ ಮೊದಲು ಕಪಾಟಿನ ಕಪ್ಪುಗಳು ಗಲಗಲ ಎಂದವು. ಆಮೇಲೆ ಅದು ಬಂತು. ಬೇಕರಿಯ ತಿರುವಿನಲ್ಲಿ ಸಿಕ್ಕಿಕೊಂಡಿತು! ಹಿಂದೆ ಹೋಯಿತು, ಮುಂದೆ ಬಂತು, ಮತ್ತೆ ಹಿಂದೆ ಹೋಯಿತು. ಅಷ್ಟು ಉದ್ದದ್ದನ್ನು ಮಾಡಿದವರು ಊರಿನ ತಿರುವನ್ನು ಮರೆತೇಬಿಟ್ಟಿದ್ದರು. ಕೊನೆಗೆ ಬೇಕರಿಯ ಮೆಟ್ಟಿಲನ್ನು ಪುಡಿಮಾಡಿ, ಹೊಗೆ ಕಾರುತ್ತ ಹೋಯಿತು.

ಎದುರುಮನೆಯ ಟಪ್ಲಿನ್ ಅಜ್ಜಿ ತಲೆಯನ್ನೇ ಎತ್ತದೆ ಹೊಸ್ತಿಲು ಉಜ್ಜುತ್ತಿದ್ದರು. “ಈ ಟ್ರ್ಯಾಕ್ಟರ್‌ಗಳ ಕಾಟ ಹೆಚ್ಚಾಯ್ತಪ್ಪ!” ಎಂದರು. ಬೀದಿಯ ಹೆಂಗಸರೆಲ್ಲ ಹೌದೌದು ಎಂದರು.

ಐವಿ ಬೆರಗಾದಳು. ಅಂದರೆ ಇವರಿಗೆಲ್ಲ ಮೊದಲೇ ಗೊತ್ತಿತ್ತು!

ಅಷ್ಟರಲ್ಲಿ ಬಸ್ಸಿನಿಂದ ಇಳಿದ ಅಪರಿಚಿತನೊಬ್ಬ ಕಿತ್ತುಹೋದ ರಸ್ತೆಯನ್ನು ದಿಟ್ಟಿಸಿದ. ಬ್ಯಾಗು ಹಿಡಿದು ಶಾಲೆಗೆ ಹೊರಟಿದ್ದ ಸಿರಿಲ್‌ನನ್ನು ತಡೆದು, “ಏನಪ್ಪಾ, ಇಲ್ಲಿ ಏನು ಹೋಯ್ತು?” ಎಂದು ಕೇಳಿದ.

ಸಿರಿಲ್ ಐವಿಯ ಕಡೆ ನೋಡಿದ.

“ಟ್ರ್ಯಾಕ್ಟರ್ ಸಾರ್,” ಎಂದ ಸಿರಿಲ್. “ಇವರಮ್ಮ ಮಾಡಿದ್ದು.”

ಐವಿ ಉದ್ದಕ್ಕೆ ಉಸಿರು ಬಿಟ್ಟಳು. ಹೇಳಬೇಕೆನಿಸಿದ್ದು ಬಾಯಿತುಂಬ ಇತ್ತು.

“ಹೂಂ,” ಎಂದಳು. “ಸ್ವಲ್ಪ ಅಗಲ, ಅಷ್ಟೇ.”

ಇಬ್ಬರೂ ಪುಡಿಯಾದ ಮೆಟ್ಟಿಲನ್ನು ದಾಟಿಕೊಂಡು ಶಾಲೆಗೆ ಓಡಿದರು.