ಮೇಡಂಗೆ ಬರೀ ನಿಂಬೆ ಸೋಡಾ

“ಮೇಡಂಗೆ ಬರೀ ನಿಂಬೆ ಸೋಡಾ ಸಾಕು” ಎಂದು ಅವನು ವೇಟರ್‌ಗೆ ಹೇಳಿಬಿಟ್ಟ.

ಅವಳು ತೆರೆದ ಬಾಯಿ ಮುಚ್ಚಲಿಲ್ಲ. ಅವಳ ಬೆರಳು ಮೆನುವಿನಲ್ಲಿ ಮೊಜಿಟೊ ಎಂಬ ಕಾಕ್‌ಟೇಲ್ ಮೇಲಿತ್ತು. ಉದ್ದನೆಯ ಗಾಜಿನ ಲೋಟ, ಹಸಿರು ಪುದೀನ, ಮೇಲೇಳುವ ಗುಳ್ಳೆಗಳು. ಏಸಿ ಕೆಟ್ಟ ಸ್ಟುಡಿಯೊದಲ್ಲಿ ಇಡೀ ದಿನ ಬೆಂದು ಬಂದವಳಿಗೆ ಆ ಚಿತ್ರ ನೋಡಿಯೇ ಬಾಯಲ್ಲಿ ನೀರೂರಿತ್ತು.

“ನನಗೇನು ಬೇಕು ಅಂತ ನಿಮಗೆ ಹೇಗೆ ಗೊತ್ತು?”

“ನೀವು ಕುಡಿಯಲ್ವಲ್ಲ?”

“ಕೇಳಿದ್ರಾ?”

ಅವನು ನಕ್ಕ. ಆ ನಗುವಿಗೆ ಬೇರೆ ದಿನವಾಗಿದ್ದರೆ ಅವಳು ಕರಗುತ್ತಿದ್ದಳು. ಇಬ್ಬರೂ ಒಂದೇ ರೇಡಿಯೊ ಕೇಂದ್ರದವರು. ಅವನು ಗಾಜಿನ ಆ ಕಡೆ ಕುಳಿತು ವಾರ್ತೆ ಓದುವವನು. ಅವಳು ಈ ಕಡೆ ಸೌಂಡ್ ಇಂಜಿನಿಯರ್. ಓದುತ್ತ ಓದುತ್ತ ಪುಟ ಮಗುಚುವಾಗ ಅವನು ಒಮ್ಮೆ ಕಣ್ಣೆತ್ತುತ್ತಿದ್ದ, ಅವಳು ಆಗಷ್ಟೇ ಏನೋ ಗುಂಡಿ ತಿರುಗಿಸುವವಳಂತೆ ತಲೆ ತಗ್ಗಿಸುತ್ತಿದ್ದಳು. ಕೇಂದ್ರಕ್ಕೆಲ್ಲ ಗೊತ್ತಿದ್ದ ವಿಷಯ. ಬಾಯಿಬಿಟ್ಟು ಹೇಳದೇ ಉಳಿದವರು ಇವರಿಬ್ಬರೇ.

ಎದುರಿಗೆ ಕೂತಿದ್ದ ಕೇಂದ್ರದ ಡೈರೆಕ್ಟರ್ ಮೇಜಿನ ಮೇಲೆ ಬಾಗಿದರು. “ಹೊಸ ಕೇಂದ್ರದ ಇನ್‌ಚಾರ್ಜ್ ಕೆಲಸಕ್ಕೆ ನಿಮ್ಮನ್ನೇ ಅಂದ್ಕೊಂಡಿದ್ದೆ. ಅಮ್ಮನ್ನ ಬಿಟ್ಟು ಬೇರೆ ಊರಿಗೆ ಹೋಗಲ್ಲ ಅಂತ ಇವರು ಹೇಳಿದ್ರು. ಸರಿ, ಸೋಮವಾರ ಬೇರೆಯವರ ಹೆಸರು ಕಳಿಸ್ತೀನಿ.”

ಅವಳು ಅವನ ಕಡೆ ತಿರುಗಿದಳು. ಅವನು ಟೇಬಲ್ ಕ್ಲಾತಿನ ಅಂಚು ಮಡಚುತ್ತಿದ್ದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇಂಥದೊಂದು ಕೆಲಸ ಇದೆ ಎಂಬ ಸುದ್ದಿಯೇ ಅವಳವರೆಗೆ ಬಂದಿರಲಿಲ್ಲ; ಅವಳ ಉತ್ತರ ಮಾತ್ರ ಆಗಲೇ ತಲುಪಿತ್ತು!

“ಸಾರ್, ನನ್ನ ನಾಲಿಗೆ ನಾನು ಯಾರ ಹತ್ರಾನೂ ಅಡ ಇಟ್ಟಿಲ್ಲ. ಸೋಮವಾರ ನಾನೇ ಬಂದು ಮಾತಾಡ್ತೀನಿ” ಎಂದು ಬ್ಯಾಗ್ ಎತ್ತಿಕೊಂಡು ಹೊರಟೇಬಿಟ್ಟಳು.

ಮರುದಿನ ಭಾನುವಾರ. ಬೆಳಿಗ್ಗೆಯೇ ಮಾರ್ಕೆಟ್‌ಗೆ ಹೋಗಿ ಒಂದು ಕಟ್ಟು ಪುದೀನ, ನಿಂಬೆಹಣ್ಣು ತಂದಳು. ಬಿಳಿ ರಮ್ ಕೊಳ್ಳಲು ಹೋದಾಗ ಅಂಗಡಿಯವನು, “ಗಿಫ್ಟ್ ಪ್ಯಾಕ್ ಮಾಡ್ಲಾ ಮೇಡಂ?” ಎಂದ.

“ಯಾಕೆ? ನಾನು ಕುಡಿಯೋ ಹಾಗೆ ಕಾಣಲ್ವಾ?”

ಅವನು ಬಾಟಲಿ ಕೊಟ್ಟ.

ಮನೆಯಲ್ಲಿ ಅಮ್ಮ ಪೂರ್ತಿ ಕಥೆ ಕೇಳಿ ಕನ್ನಡಕ ತೆಗೆದಳು. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತಳಾದವಳು; ಡಾಕ್ಟರುಗಳಿಗೇ ಬೆವರಿಳಿಸಿದ್ದವಳು. “ನನ್ನ ಹೆಸರು ಯಾಕೆ ಎಳ್ಕೊಂಡು ಬಂದ ಅವನು? ನೀನು ಯಾವಾಗ ಹೋಗ್ತೀಯೋ, ನಿನ್ನ ರೂಮಲ್ಲಿ ಹೊಲಿಗೆ ಮೆಷಿನ್ ಹಾಕ್ಕೊಳ್ಳೋಣ ಅಂತ ಕಾಯ್ತಾ ಕೂತಿದೀನಿ ನಾನು!”

“ಅಮ್ಮಾ!”

“ಮತ್ತೇನು? ನಿಜ ಹೇಳಿದೆ.”

ಅಡುಗೆಮನೆಯಲ್ಲಿ ಅವಳು ಪುದೀನ ಎಲೆಗಳನ್ನೂ ಸಕ್ಕರೆಯನ್ನೂ ಲೋಟಕ್ಕೆ ಹಾಕಿ, ಲಟ್ಟಣಿಗೆಯ ತುದಿಯಿಂದ ಕುಟ್ಟತೊಡಗಿದಳು. ಒಂದೊಂದು ಏಟೂ ಯಾರಿಗೆ ಬೀಳುತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬಾಗಿಲ ಬೆಲ್ ಆಯಿತು. ಹೊರಗಿನಿಂದ ಅಮ್ಮನ ದನಿ ಕೇಳಿಸಿತು: “ಬಾಪ್ಪ, ನಿನ್ನ ಗುಣಗಾನನೇ ನಡೀತಿತ್ತು. ಅಡುಗೆಮನೇಲಿದಾಳೆ. ಕೈಯಲ್ಲಿ ಲಟ್ಟಣಿಗೆ ಇದೆ, ನೋಡ್ಕೊಂಡು ಹೋಗು.”

ಅವನು ಬಾಗಿಲಲ್ಲಿ ನಿಂತ. ತಲೆ ಬಾಚಿರಲಿಲ್ಲ, ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ.

“ಏನು ಮಾಡ್ತಾ ಇದೀರಾ?”

“ಮೊಜಿಟೊ.”

“ಅದು... ಮೊಹಿಟೊ.” ಉಚ್ಚಾರ ತಿದ್ದುವುದು ವಾರ್ತೆ ಓದುವವನ ಚಾಳಿ, ತಡೆಯುವಷ್ಟರಲ್ಲಿ ಬಾಯಿಂದ ಜಾರಿತ್ತು.

ಲಟ್ಟಣಿಗೆ ಗಾಳಿಯಲ್ಲಿ ನಿಂತಿತು.

“ಸಾರಿ” ಎಂದ.

ಅವಳು ಮತ್ತೆ ಕುಟ್ಟಿದಳು. ಎಲೆ ಕಪ್ಪುಹಸಿರಾಗಿ, ಮುದ್ದೆಯಾಗಿ, ಲೋಟಕ್ಕೆ ಮೆತ್ತಿಕೊಂಡಿತು. ಅವನು ಅದನ್ನೇ ನೋಡುತ್ತ ಏನೋ ಹೇಳಹೋಗಿ ಉಗುಳು ನುಂಗಿದ.

“ಏನು? ಹೇಳಿಬಿಡಿ.”

“ಕೇಳಿದ್ರೆ ಹೇಳ್ತೀನಿ. ಕೇಳದೆ ಇನ್ನು ಏನೂ ಹೇಳಲ್ಲ.”

ಅವಳು ಹಟಕ್ಕೆ ಕೇಳಲಿಲ್ಲ. ನಿಂಬೆ ಹಿಂಡಿ, ರಮ್ ಸುರಿದು, ಐಸ್ ಹಾಕಿ, ಸೋಡಾ ತುಂಬಿ ಒಂದು ಗುಟುಕು ಕುಡಿದಳು. ಕಹಿ ಗಂಟಲವರೆಗೂ ಇಳಿಯಿತು, ಕಣ್ಣಲ್ಲಿ ನೀರು ಬಂತು. ಬಿಡಲಿಲ್ಲ, ಇನ್ನೊಂದು ಗುಟುಕು ಕುಡಿದಳು. “ಚೆನ್ನಾಗಿದೆ.”

“ನನಗೂ ಒಂದು ಗುಟುಕು ಸಿಗುತ್ತಾ?”

ಕೊಟ್ಟಳು. ಅವನ ಮುಖ ಒಂದು ಕ್ಷಣ ಕಿವುಚಿಕೊಂಡು, ಕಷ್ಟಪಟ್ಟು ಮೊದಲಿನಂತಾಯಿತು. “ಚೆನ್ನಾಗಿದೆ.”

“ಸುಳ್ಳು.”

“ಹೌದು.”

ಅವಳಿಗೆ ನಗು ಬಂದೇ ಬಿಡುತ್ತಿತ್ತು. ಬರುತ್ತಿದೆಯಲ್ಲ ಎಂಬುದಕ್ಕೇ ಸಿಟ್ಟು ಇಮ್ಮಡಿಯಾಯಿತು.

“ಯಾರು ನೀನು? ನನ್ನ ಕೆಲಸ, ನಮ್ಮಮ್ಮ, ನನ್ನ ಬಾಯಿಗೆ ಹೋಗೋ ಲೋಟ, ಎಲ್ಲ ತೀರ್ಮಾನ ಮಾಡೋಕೆ ನಿನಗೆ ಅಧಿಕಾರ ಕೊಟ್ಟಿದ್ದು ಯಾರು?”

‘ನೀನು’ ಎಂಬುದು ಇಬ್ಬರ ಕಿವಿಗೂ ಬಿದ್ದಿತ್ತು. ಅವನ ಕಿವಿಯ ಹಾಲೆಗಳು ಮೆಲ್ಲಗೆ ಕೆಂಪಾದವು.

“ಸಂತೋಷ ಪಡಬೇಡ. ಬಹುವಚನದಲ್ಲಿ ಬೈಯೋಕಾಗಲ್ಲ, ಅದಕ್ಕೆ.”

“ಬೈಯಿ” ಎಂದ ಅವನು. ದನಿಯಲ್ಲಿ ರೇಡಿಯೊದ ನುಣುಪು ಇರಲಿಲ್ಲ. “ಡೈರೆಕ್ಟರ್ ಕೇಳಿದಾಗ, ಗಾಜಿನ ಆಚೆ ನಿನ್ನ ಕುರ್ಚೀಲಿ ಬೇರೆ ಯಾರೋ ಕೂತಂಗೆ ಕಂಡಿತು. ಬಾಯಿ ತಪ್ಪಿ ಅಂದೆ... ಇಲ್ಲ, ಬಾಯಿ ತಪ್ಪಿ ಅಲ್ಲ. ಬೇಕಂತಲೇ ಅಂದೆ. ಹೆದರಿಕೆಗೆ. ನೀನು ಹೋಗಿಬಿಟ್ರೆ ನಾನು ಓದೋದು ಯಾರಿಗೆ ಅಂತ.”

ಅವಳು ಬಿಡಲಿಲ್ಲ. “ಹೋಗಬೇಡ ಅಂತ ನನಗೇ ಹೇಳಬಹುದಿತ್ತಲ್ಲ?”

“ಹೇಳಿದ್ರೆ ಉಳೀತಿದ್ಯಾ?”

“ಇಲ್ಲ. ಅಳ್ತಾ ಹೋಗ್ತಿದ್ದೆ. ಈಗ ಬೈತಾ ಹೋಗ್ತೀನಿ.”

ಅವನು ತಲೆ ತಗ್ಗಿಸಿದ. “ಈಗ ಡೈರೆಕ್ಟರ್ ಮನೆಯಿಂದಲೇ ಬರ್ತಿದೀನಿ. ನಾನು ಹೇಳಿದ್ದು ಸುಳ್ಳು, ನಿನ್ನನ್ನೇ ಕೇಳಲಿ ಅಂದೆ. ನಾಳೆ ನಿನಗಾಗಿ ಕಾಯ್ತಾರೆ. ಯಾಕೆ ಸುಳ್ಳು ಹೇಳ್ದೆ ಅಂತ ಕೇಳಿದ್ರು. ಪ್ರೀತಿಸ್ತೀನಿ, ಅದಕ್ಕೆ ಅಂದೆ.”

“ಏನು? ನನಗಿಂತ ಮೊದಲು ಡೈರೆಕ್ಟರ್‌ಗೆ ಹೇಳಿದ್ಯಾ?”

“ಅವರ ಹೆಂಡತಿನೂ ಅಲ್ಲೇ ಇದ್ರು.”

ಅವಳು ಲಟ್ಟಣಿಗೆ ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಅಲುಗಿತು. ಅಳುತ್ತಿದ್ದಾಳೆಂದು ಅವನು ಗಾಬರಿಯಾಗಿ ಒಂದು ಹೆಜ್ಜೆ ಮುಂದೆ ಬಂದ. ಅವಳು ನಗುತ್ತಿದ್ದಳು.

ನಗು ನಿಂತ ಮೇಲೆ ಇನ್ನೊಂದು ಲೋಟ ತೊಳೆದು ಮುಂದಿಟ್ಟುಕೊಂಡಳು. “ಈಗ ಕೇಳ್ತಾ ಇದೀನಿ. ಎಲೆನ ಏನು ಮಾಡಬೇಕು?”

“ಮೆತ್ತಗೆ ಒತ್ತಿದ್ರೆ ಸಾಕು. ಜಜ್ಜಿದ್ರೆ ಕಹಿ ಬಿಡುತ್ತೆ.”

ಅವನು ಕೈ ಹಾಕಲಿಲ್ಲ, ಪಕ್ಕದಲ್ಲಿ ನಿಂತಿದ್ದನಷ್ಟೆ. ಅವಳೇ ನಿಂಬೆಯ ಹೋಳುಗಳನ್ನು ಸಕ್ಕರೆ, ಎಲೆಗಳ ಜೊತೆ ನಿಧಾನ ಒತ್ತಿದಳು. ಪುದೀನದ ತಂಪು ಪರಿಮಳ ಇಬ್ಬರ ನಡುವೆ ಎದ್ದಿತು. ರಮ್, ಐಸು, ಸೋಡಾ. ಒಂದೇ ಲೋಟ, ಮೊದಲು ಅವಳು ಕುಡಿದಳು. ಈ ಸಲ ಕಣ್ಣು ತಾನಾಗಿ ಮುಚ್ಚಿತು.

“ಹೊಸ ಕೇಂದ್ರದ ಊರಿಗೆ ಶನಿವಾರ ಬೆಳಿಗ್ಗೆ ಒಂದು ಬಸ್ ಇದೆ” ಎಂದ ಅವನು. “ಬರ್ಲಾ? ಕೇಳ್ತಾ ಇದೀನಿ, ಹೇಳ್ತಾ ಇಲ್ಲ.”

“ಬಾ. ಪ್ರತಿ ವಾರಾನೂ ಕೇಳು. ಪ್ರತಿ ವಾರ ಬಾ ಅಂತೀನಿ ಅಂದ್ಕೋಬೇಡ.”

“ನೀನೂ ನನ್ನ ಪ್ರೀತಿಸ್ತೀಯಾ?”

“ಇಷ್ಟು ಸಿಟ್ಟು ನಾನು ಬೇರೆ ಯಾರ ಮೇಲಾದ್ರೂ ಮಾಡ್ಕೊಂಡಿದ್ದು ನೋಡಿದೀಯಾ?”

ಅವನ ನೋಟ ಅವಳ ಕಣ್ಣಿನಿಂದ ತುಟಿಗೆ ಇಳಿದು ಅಲ್ಲೇ ನಿಂತಿತು. “ಒಂದು ಮುತ್ತು ಕೊಡ್ಲಾ? ಇದನ್ನೂ ಕೇಳಬೇಕು ತಾನೆ?”

ಅವಳು ಎರಡೂ ಕೈಯಲ್ಲಿ ಅವನ ಕಾಲರ್ ಹಿಡಿದು ಎಳೆದುಕೊಂಡಳು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಹಿಡಿತ ಬಿಗಿಯಾಗಿಯೇ ಇತ್ತು.