ಮೂರನೇದೇ ಚೆನ್ನಾಗಿದೆ

ಢಂ!

ಎರಡೂ ಕಿವಿಯೊಳಗೆ ಒಟ್ಟಿಗೆ ಪಟಾಕಿ ಸಿಡಿದಂತಾಯಿತು. ಹೇಮಾವತಿ ಹೆಡ್‌ಫೋನ್ ಕಿತ್ತೆಸೆದು, ತೊಡೆಯ ಮೇಲೆ ಗಿಟಾರ್ ಇದೆ ಎಂಬುದನ್ನೂ ಮರೆತು ಎದ್ದು ನಿಂತಳು. ಎದುರಿಗಿದ್ದವನು ಬಾಗಿ ಹಿಡಿಯದಿದ್ದರೆ ಗಿಟಾರ್ ಅವತ್ತೇ ಎರಡು ತುಂಡಾಗುತ್ತಿತ್ತು.

ಅವನ ತುಟಿಗಳು ಅಲ್ಲಾಡುತ್ತಿದ್ದವು. ಏನು ಹೇಳುತ್ತಿದ್ದಾನೋ ಅವಳಿಗೆ ಕೇಳಿಸಲಿಲ್ಲ. ಕಿವಿಯೊಳಗೆ ಕುಂಯ್... ಎಂಬ ಒಂದೇ ಸದ್ದು.

'ಹೋಯ್ತು... ನನ್ನ ಕಿವಿ ಹೋಯ್ತು...'

ಒಂದು ನಿಮಿಷ ಕಳೆದ ಮೇಲೆ ಫ್ಯಾನಿನ ಸದ್ದು ಬಂತು. ಆಮೇಲೆ ಹಂಪಿ ರಸ್ತೆಯ ಆಟೋಗಳದ್ದು. ಕೊನೆಗೆ ಅವನ ದನಿ.

"ತಪ್ಪಾತ್ರಿ. ವಾಲ್ಯೂಮ್ ಇಳಸದ ವೈರ್ ಚುಚ್ಚಿಬಿಟ್ಟೆ. ಈಗ ಕೇಳಸಾಕತ್ತೈತೇನ್ರಿ?"

"ಕಿವಿ ಅಂದ್ರ ಆಟದ ಸಾಮಾನು ಅನ್ಕೊಂಡೀರೇನು?" ಎಂದವಳೇ, ಹತ್ತು ನಿಮಿಷದ ಹಿಂದಷ್ಟೇ ಹೆಸರು ತಿಳಿದಿದ್ದ ಆ ಗಂಡಸಿನ ಮುಂದೆ ಗಳಗಳನೆ ಅತ್ತುಬಿಟ್ಟಳು.

ಅವನ ಹೆಸರು ಹಂಪೇಶ್. ಕಡ್ಡಿರಾಂಪುರದಲ್ಲಿ ಅವನ ಅಕ್ಕ ಕರೆಮ್ಮನ ಖಾನಾವಳಿ ಇದೆ. ಅದರ ಮೇಲಿನ ಕೋಣೆಯ ಗೋಡೆಗಳಿಗೆ ಹತ್ತಿಯ ಹಾಸಿಗೆ ಬಡಿದು, ಅದನ್ನೇ ಸ್ಟುಡಿಯೋ ಮಾಡಿಕೊಂಡಿದ್ದ. ಮದುವೆ ಹಾಡು, ಭಜನೆ, ಆಟೋದಲ್ಲಿ ಕೂಗುತ್ತಾ ಹೋಗುವ ಸೀರೆ ಅಂಗಡಿ ಜಾಹೀರಾತು... ಎಲ್ಲವೂ ಅಲ್ಲೇ ರೆಕಾರ್ಡ್ ಆಗುತ್ತಿತ್ತು.

ಹೇಮಾವತಿ ಹೊಸಪೇಟೆಯ ಒಂದು ಖಾಸಗಿ ಶಾಲೆಯಲ್ಲಿ ಸಂಗೀತದ ಟೀಚರ್. ಮನೆ ಚಿತ್ತವಾಡ್ಗಿಯಲ್ಲಿ, ಗೋಡೆಗೆ ಗೋಡೆ ಅಂಟಿದ ಓಣಿಯಲ್ಲಿ. ಅವಳು ಎಲೆಕ್ಟ್ರಿಕ್ ಗಿಟಾರನ್ನು ಸದ್ದು ಹಿಗ್ಗಿಸುವ ಆಂಪ್‌ಗೆ ಜೋಡಿಸಿದರೆ ಸಾಕು, ಪಕ್ಕದ ಮನೆಯ ದ್ಯಾಮಕ್ಕ ಲಟ್ಟಣಿಗೆಯಿಂದ ಗೋಡೆ ಬಡಿಯುತ್ತಿದ್ದಳು. ತಾನೇ ಕಟ್ಟಿದ ಒಂದು ರಾಗವನ್ನು ರೆಕಾರ್ಡ್ ಮಾಡಬೇಕೆಂಬ ಆಸೆಯಿಂದ ಅವಳು ಈ ಕೋಣೆ ಹುಡುಕಿಕೊಂಡು ಬಂದಿದ್ದಳು.

ಒಂದು ಸಿಡಿತಕ್ಕೆ ಇಷ್ಟೊಂದು ಅಳುವೇ ಎಂದು ನಗಬೇಡಿ. ಅವಳ ಭಯಕ್ಕೆ ಕಾರಣವಿತ್ತು.

ಅವಳ ಅಪ್ಪ ಉಚ್ಚೆಂಗಪ್ಪ ಚೋರನೂರಿನವನು. ಸಂಡೂರಿನ ಗಣಿಗಳಲ್ಲಿ ಇಪ್ಪತ್ತೆರಡು ವರ್ಷ ಬಂಡೆಗೆ ಡ್ರಿಲ್ ಹೊಡೆದವನು. ಅವನ ಕಿವಿ ಒಂದೇ ದಿನದಲ್ಲಿ ಹೋಗಲಿಲ್ಲ. ಮೊದಲಿಗೆ ಫೋನಿನಲ್ಲಿ ಇಬ್ಬರು ಹೆಣ್ಣುಮಕ್ಕಳ ದನಿಯಲ್ಲಿ ಯಾರದು ಯಾವುದೆಂದು ಗೊತ್ತಾಗದೆ ಹೋಯಿತು. "ಎಲ್ಲಾ ಒಂದ ಕೇಳಸ್ತೈತಲ್ಲವಾ" ಎಂದು ಅವನು ನಕ್ಕಿದ್ದ. ವರ್ಷ ಕಳೆಯುವುದರೊಳಗೆ ಕುಕ್ಕರಿನ ಸೀಟಿಯೂ ಕೇಳದಂತಾಯಿತು.

ಅವತ್ತಿನಿಂದ ಎಂಟು ವರ್ಷವಾಯಿತು, ಅವ್ವ ನಿಂಗಕ್ಕ ಗಂಡನ ಜೊತೆ ಕೂಗಿಯೇ ಸಂಸಾರ ಮಾಡುತ್ತಿದ್ದಳು. ಅವರ ಮನೆಯ ಪಲ್ಯ ಯಾವುದೆಂದು ಉಣ್ಣುವವರಿಗಿಂತ ಮೊದಲು ಓಣಿಗೆ ತಿಳಿಯುತ್ತಿತ್ತು. ಜನ ನಗುತ್ತಿದ್ದರು. ಕೂಗಿ ಕೂಗಿ ದಣಿದ ಅವ್ವ ಹಿತ್ತಲಲ್ಲಿ ಗಂಟಲು ಹಿಡಿದುಕೊಂಡು ಕೂತಿದ್ದನ್ನು ನೋಡಿದ ಹೇಮಾವತಿಗೆ ಮಾತ್ರ ನಗು ಬರುತ್ತಿರಲಿಲ್ಲ.

'ನನಗೂ ಹೀಗಾದರೆ...?'

ಅಪ್ಪನ ಕಿವಿ ಕೆಡಿಸಿದ್ದು ಡ್ರಿಲ್ಲು, ಅದು ಮಗಳಿಗೆ ಅಂಟುವ ಜಡ್ಡಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೆ ಹೆದರಿದವಳ ಮೇಲೆ ಹಗ್ಗ ಎಸೆದರೂ ಅದು ಹಾವೇ.

ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಹಂಪೇಶ್ ಒಂದು ಮಾತು ಹೇಳಿದ. ಇಷ್ಟು ದೂರ ಬರುವ ಬದಲು ಮನೆಯಲ್ಲೇ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಬಹುದು. ಆಂಪ್ ಸಿಮ್ಯುಲೇಟರ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡರೆ ನಿಜವಾದ ಆಂಪ್ ಬೇಕಿಲ್ಲ. ಅದರ ಗುಡುಗು, ಗೊಗ್ಗರು, ಇಂಪು ಎಲ್ಲವನ್ನೂ ಕಂಪ್ಯೂಟರೇ ಹುಟ್ಟಿಸಿ ಹೆಡ್‌ಫೋನಿಗೆ ಕೊಡುತ್ತದೆ, ದ್ಯಾಮಕ್ಕನ ಲಟ್ಟಣಿಗೆಗೂ ಕೆಲಸವಿಲ್ಲ. ಆದರೆ ಹತ್ತಾರು ಬಗೆಯವು ಇವೆ. ಕೆಲವು ಹಳೆಯ ಲ್ಯಾಪ್‌ಟಾಪಿಗೆ ಭಾರವಾಗಿ, ತಂತಿ ಮೀಟಿ ಎಷ್ಟೋ ಹೊತ್ತಾದ ಮೇಲೆ ಸದ್ದು ಬರುತ್ತದೆ. ಆರಿಸಲು ತಾನು ನೆರವಾಗುತ್ತೇನೆ ಎಂದ.

ಅವಳು ನುಡಿಸಿದ ಒಂದೇ ತುಣುಕನ್ನು ಬೇರೆ ಬೇರೆ ಸಿಮ್ಯುಲೇಟರಿನಲ್ಲಿ ಹಾಯಿಸಿ, ಹೆಸರಿಲ್ಲದೆ ಒಂದು, ಎರಡು, ಮೂರು ಎಂದಷ್ಟೇ ಬರೆದು ವಾಟ್ಸಾಪಿನಲ್ಲಿ ಕಳಿಸುತ್ತಿದ್ದ.

"ಹೆಸರು ನೋಡಿದ್ರ ಕಣ್ಣು ಆರಸ್ತೈತಿ. ಕಿವಿ ಆರಸ್ಲಿ ಬಿಡ್ರಿ."

ಅವಳು ಕೇಳಿ ತೀರ್ಪು ಕೊಡುತ್ತಿದ್ದಳು. ಇದಕ್ಕೆ ನೆಗಡಿಯಾಗಿದೆ, ಇದು ತಗಡಿನ ಡಬ್ಬಿಯೊಳಗೆ ಕೂತು ಮಾತಾಡುತ್ತಿದೆ, ಇದು ಪರವಾಗಿಲ್ಲ. ಭಾಳ ಚೂಪು ಕಿವಿ ನಿಮ್ಮವು ಎಂದು ಅವನು ಬೆರಗಾದಾಗ ಅವಳ ಎದೆಯ ಭಾರ ಅಷ್ಟಷ್ಟೇ ಇಳಿಯುತ್ತಿತ್ತು. ಭಾನುವಾರ ಅಲ್ಲಿಗೇ ಹೋಗಿ ಕೂತು ಕೇಳುವುದು ರೂಢಿಯಾಯಿತು. ಕರೆಮ್ಮ ಮಿರ್ಚಿ ಮಂಡಕ್ಕಿ ತಂದಿಟ್ಟು ಇಬ್ಬರ ಮುಖವನ್ನೂ ಒಮ್ಮೆ ನೋಡಿ ಇಳಿದು ಹೋಗುತ್ತಿದ್ದಳು.

ಹಂಪೇಶ್ ಮೆಲ್ಲಗೆ ಮಾತಾಡುವವನು. ಕೂಗುವ ಮನೆಯಲ್ಲಿ ಬೆಳೆದ ಹುಡುಗಿಗೆ ಆ ಮೆಲುದನಿಯೇ ಮೊದಲು ಹಿಡಿಸಿತು. ಆಮೇಲೆ ಅವನೂ ಹಿಡಿಸಿದ.

ಐದನೇ ಭಾನುವಾರ ಅವನು, "ಇನ್ನೊಂದು ಸಲ ಮೂರು ಕಳಸ್ತೀನಿ. ಇದ ಕೊನೇದು" ಎಂದ. ಯಾಕೋ ಅವಳ ಮುಖ ನೋಡದೆಯೇ ಹೇಳಿದ.

ಮಂಗಳವಾರ ಶಾಲೆಯಿಂದ ಬಂದವಳು ಬಟ್ಟೆ ಬದಲಿಸುವ ಮೊದಲೇ ಇಯರ್‌ಫೋನ್ ಹಾಕಿಕೊಂಡಳು.

ಒಂದನೆಯದು ಚೆನ್ನಾಗಿತ್ತು. ಎರಡನೆಯದು... ಅದೂ ಹಾಗೇ ಇತ್ತು. ಮೂರನೆಯದು...

ಅವಳು ಮತ್ತೆ ಒಂದಕ್ಕೆ ಬಂದಳು. ಮತ್ತೆ ಮೂರಕ್ಕೆ. ಇಯರ್‌ಫೋನ್ ಬದಲಿಸಿದಳು. ಎಡಗಿವಿ, ಬಲಗಿವಿ ಬೇರೆ ಬೇರೆ ಹಚ್ಚಿ ನೋಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸ ಸಿಗಲಿಲ್ಲ.

ಅಪ್ಪನ ಮಾತು ನೆನಪಾಯಿತು. 'ಎಲ್ಲಾ ಒಂದ ಕೇಳಸ್ತೈತಲ್ಲವಾ...'

ಶುರುವಾಗುವುದು ಹೀಗೆಯೇ. ಅಪ್ಪನಿಗೂ ಶುರುವಾಗಿದ್ದು ಹೀಗೆಯೇ! ಆ ದಿನದ ಸಿಡಿತವೇ ಕಿವಿಯನ್ನು ಒಳಗೊಳಗೇ ತಿಂದಿರಬೇಕು. ಅವನ ಕೈಯಿಂದಲೇ ಆದದ್ದು ಎಂದು ಅವನಿಗೆ ಹೇಗೆ ಹೇಳುವುದು? ಹೇಳಿದರೆ ಪಾಪಪ್ರಜ್ಞೆಯಿಂದ ಜೊತೆಗೆ ನಿಂತಾನು. ಆ ಮೆಲುದನಿಯವನು ನನಗಾಗಿ ಜೀವನಪೂರ್ತಿ ಕೂಗಬೇಕೇ?

ಅವಳು ಟೈಪ್ ಮಾಡಿದಳು: 'ಮೂರನೇದೇ ಚೆನ್ನಾಗಿದೆ. ಮೊದಲನೇದು ಸ್ವಲ್ಪ ಕರ್ಕಶ. ಥ್ಯಾಂಕ್ಸ್.'

ಎರಡು ನೀಲಿ ಗೆರೆ ಮೂಡಿದವು. ಉತ್ತರ ಬರಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ.

'ನಾನು ಸುಳ್ಳು ಹೇಳಿದ್ದು ಅವನಿಗೆ ತಿಳಿದುಹೋಯಿತು. ಕಿವುಡಿ ಎಂದು ತಿಳಿದೇ ಸುಮ್ಮನಾದ...'

ಆ ದಿನಗಳನ್ನು ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಗಡಿಯಾರವನ್ನು ಕಿವಿಗೆ ಹಚ್ಚಿ ಟಿಕ್‌ಟಿಕ್ ಎಣಿಸುವಳು. ಮಕ್ಕಳು ಹಾಡಿದ್ದನ್ನು ಎರಡೆರಡು ಸಲ ಹಾಡಿಸುವಳು. ಯೋಚನೆಯಲ್ಲಿ ಮುಳುಗಿ ಯಾರಾದರೂ ಕರೆದದ್ದು ತಪ್ಪಿಹೋದರೆ, ಇಗೋ ಕಿವಿ ಹೋಯಿತು ಎಂದು ಬೆವರುವಳು. ಒಂದು ದಿನ ಕಿವಿ ಡಾಕ್ಟರ ಬಳಿ ಟೋಕನ್ ತೆಗೆದುಕೊಂಡು ಕೂತಳು. ನರ್ಸ್ ಒಳಗಿನಿಂದ ಹೆಸರು ಕರೆದದ್ದು ಸ್ಪಷ್ಟವಾಗಿ ಕೇಳಿಸಿತು. ಕೇಳಿಸಿದ ಕೂಡಲೇ ಎದ್ದು ಚಪ್ಪಲಿ ಮೆಟ್ಟಿ ಮನೆಗೆ ಓಡಿಬಂದಳು!

ಹನ್ನೊಂದನೆಯ ದಿನ ಶನಿವಾರ. ಮಧ್ಯಾಹ್ನ ಮನೆಗೆ ಬಂದವಳು ಕೊನೆಯ ಸಲ ಎಂದುಕೊಂಡು ಮೂರನ್ನೂ ಲ್ಯಾಪ್‌ಟಾಪಿನಲ್ಲಿ ಒಂದರ ಕೆಳಗೊಂದು ತೆರೆದಳು. ಸದ್ದಿನ ಏರಿಳಿತ ಪರದೆಯ ಮೇಲೆ ಗೆರೆಗಳಾಗಿ ಮೂಡಿತು. ಕೇಳಲು ಮಾತ್ರ ಧೈರ್ಯವಾಗದೆ ಹಾಗೇ ಕೂತಳು.

ಅಪ್ಪ ಚಹಾದ ಲೋಟ ಹಿಡಿದು ಪಕ್ಕದಲ್ಲಿ ಬಂದು ಕೂತ. ಕಿವಿ ಹೋದ ಮೇಲೆ ಅವನು ಎಲ್ಲವನ್ನೂ ನೋಡಿಯೇ ತಿಳಿಯುವವನು. ಬಹಳ ಹೊತ್ತು ಪರದೆಯನ್ನೇ ನೋಡಿದ.

"ಯಾಕವಾ, ಒಂದನ್ನ ಮೂರು ಸಲ ಬರದಿದಿ?"

ಅವಳು ಅವನತ್ತ ತಿರುಗಿದಳು.

"ಇಲ್ನೋಡು" ಎಂದು ಅವನು ಒರಟು ಬೆರಳಿಟ್ಟ. "ಈ ಗುಡ್ಡ. ಇದರ ಮಗ್ಗಲಿಗೆ ಈ ತಗ್ಗು. ಕೆಳಗೂ ಅದ, ಅದರ ಕೆಳಗೂ ಅದ. ಮೂರೂ ಒಂದ ಅದಾವಲ್ಲ."

ಹೇಮಾವತಿ ಪರದೆಯತ್ತ ಬಾಗಿದಳು. ಎರಡು ಬೇರೆ ಸಿಮ್ಯುಲೇಟರುಗಳ ಗೆರೆ ಹೀಗೆ ಕೂಡುವುದು ಸಾಧ್ಯವೇ ಇಲ್ಲ! ಖಾತ್ರಿ ಮಾಡಿಕೊಳ್ಳಲು ಹಂಪೇಶನೇ ಒಂದು ಉಪಾಯ ಕಲಿಸಿದ್ದ. ಒಂದು ಸದ್ದನ್ನು ತಲೆಕೆಳಗು ಮಾಡಿ ಇನ್ನೊಂದರ ಜೊತೆ ನುಡಿಸಬೇಕು. ಎರಡೂ ಒಂದೇ ಆಗಿದ್ದರೆ ಪರಸ್ಪರ ಅಳಿಸಿಕೊಂಡು ಏನೂ ಉಳಿಯುವುದಿಲ್ಲ.

ಅವಳು ಒಂದನೆಯದನ್ನು ತಲೆಕೆಳಗು ಮಾಡಿ, ಎರಡನೆಯದರ ಜೊತೆ ಸೇರಿಸಿ, ವಾಲ್ಯೂಮ್ ಏರಿಸಿ, ಬಟನ್ ಒತ್ತಿದಳು.

ನಿಶ್ಶಬ್ದ. ಪರದೆಯ ಮೇಲಿನ ಮಾಪಕವೂ ಅಲುಗಲಿಲ್ಲ.

ಮೂರನೆಯದನ್ನೂ ಹಾಗೇ ನೋಡಿದಳು. ಅಲ್ಲಿಯೂ ನಿಶ್ಶಬ್ದ. ಜೀವಮಾನವೆಲ್ಲ ಯಾವ ನಿಶ್ಶಬ್ದಕ್ಕೆ ಹೆದರಿದ್ದಳೋ ಅದರೊಳಗೆ ಕೂತು ಅವಳಿಗೆ ಅಡುಗೆಮನೆಯಿಂದ ಅವ್ವನ ಬಳೆ ಕೇಳಿಸಿತು. ಗೋಡೆಯಾಚೆ ದ್ಯಾಮಕ್ಕನ ಲಟ್ಟಣಿಗೆ ಕೇಳಿಸಿತು. ಅಪ್ಪ ಚಹಾ ಸೊರ್ರೆಂದು ಹೀರಿದ್ದು ಕೇಳಿಸಿತು. ಅವಳ ಕಿವಿ ನೆಟ್ಟಗಿತ್ತು.

ಅಳು ಬಂತು. ಅದರ ಬೆನ್ನಿಗೇ ಸಿಟ್ಟೂ ಬಂತು. ಅಪ್ಪನಿಗೆ ಏನಿಲ್ಲವೆಂದು ಕೈಸನ್ನೆ ಮಾಡಿ, ಮುಖ ಒರೆಸಿಕೊಂಡು ಆಟೋ ಹತ್ತಿದಳು.

ಹಂಪೇಶನ ಗಡ್ಡ ಬೆಳೆದಿತ್ತು. ಬಾಗಿಲಲ್ಲಿ ಅವಳನ್ನು ಕಂಡು ಕುರ್ಚಿಯಿಂದ ಏಳಲೂ ಮರೆತ.

"ಮೂರೂ ಒಂದ ಯಾಕ ಕಳಿಸಿದ್ರಿ?"

"ಇವತ್ತು ಕೇಳಿದ್ರೇನು?" ಅವನ ದನಿಯಲ್ಲಿ ನೋವಿತ್ತು. "ಎರಡನೇ ವಾರದಾಗ ನೀವು ಮೆಚ್ಚಿದ್ರಲ್ಲ, ಅದ ಅದು. ನಿಮ್ಮ ಲ್ಯಾಪ್‌ಟಾಪಿಗೂ ಹಗುರ. ಆರಸೋದು ಅವತ್ತ ಮುಗಿದಿತ್ತು. ಹೇಳಿದ್ರ ನೀವು ಬರೋದೂ ಮುಗೀತೈತಿ ಅಂತ ಹೆದರಿ ಸುಮ್ನಿದ್ದೆ. ಮೂರೂ ಒಂದ ಕಳಿಸಿದ್ರ ಬೈಯ್ಯಾಕರ ಬರ್ತೀರಿ, ಆವಾಗ ಮನಸಿನಾಗಿಂದು ಹೇಳಬೇಕಂತ ಮಾಡಿದ್ದೆ. ಮೂರನೇದ ಚೆನ್ನಾಗಿದೆ ಅಂತ ಬಂತು... ಈಕಿ ತೆಗೆದು ಸೈತ ಕೇಳಿಲ್ಲ, ನನ್ನ ಸಾಗಹಾಕಾಕತ್ತಾಳ ಅನ್ಕೊಂಡೆ."

"ಕೇಳಿದ್ದೆ. ನಲವತ್ತು ಸಲ ಕೇಳಿದ್ದೆ."

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ಅಪ್ಪನ ಗಣಿ, ಅವ್ವನ ಗಂಟಲು, ಮೊದಲ ದಿನದ ಸಿಡಿತ, ಡಾಕ್ಟರ ಬಳಿಯಿಂದ ಓಡಿಬಂದದ್ದು. ಕೇಳುತ್ತಾ ಕೇಳುತ್ತಾ ಹಂಪೇಶನ ಮುಖ ಬಿಳಿಚಿಕೊಂಡಿತು. ಅವನು ಯಾವ ಸಬೂಬನ್ನೂ ಹೇಳಲಿಲ್ಲ.

"ಎರಡು ಸಲ ನಿಮ್ಮ ಕಿವಿಗೆ ಅನ್ಯಾಯ ಮಾಡೀನಿ" ಎಂದ. "ಸೋಮವಾರ ನಾನ ಟೋಕನ್ ತಗಸ್ತೀನಿ. ಹೆಸರು ಕರದಾಗ ಇಬ್ರೂ ಒಳಗ ಹೋಗೋಣು."

ಅವಳು ತಲೆಯಾಡಿಸಿದಳು. ಆದರೂ ಒಂದು ಭಯ ಉಳಿದಿತ್ತು.

"ಇವತ್ತಿಲ್ಲ ಅಂದ್ರೂ, ಮುಂದೊಂದು ದಿನ ಖರೇನ ಹೋದ್ರ? ನಮ್ಮವ್ವ ಎಂಟು ವರ್ಷದಿಂದ ಒದರಾಕತ್ತಾಳ. ನಿಮಗ ಒದರಾಕ ಬರಂಗಿಲ್ಲ."

ಹಂಪೇಶ್ ಮೇಜಿನ ಮೇಲಿದ್ದ ಹೆಡ್‌ಫೋನನ್ನು ಬದಿಗೆ ಸರಿಸಿದ.

"ಒದರಂಗಿಲ್ಲ" ಎಂದ. "ಹತ್ರ ಬಂದು ಹೇಳ್ತೀನಿ."

ಆಮೇಲೆ ಕೂತಲ್ಲಿಂದಲೇ, ತಲೆ ತಗ್ಗಿಸಿ, ತನ್ನ ಎಂದಿನ ಮೆಲುದನಿಯಲ್ಲಿ, ಹನ್ನೊಂದು ದಿನದಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಮಾತನ್ನು ಹೇಳಿಬಿಟ್ಟ. ಫ್ಯಾನು ತಿರುಗುತ್ತಿತ್ತು, ರಸ್ತೆಯಲ್ಲಿ ಬಸ್ಸು ಹೋಗುತ್ತಿತ್ತು. ಅದರ ನಡುವೆಯೂ ಹೇಮಾವತಿಗೆ ಅದರ ಒಂದೊಂದು ಅಕ್ಷರವೂ ಕೇಳಿಸಿತು.

ಇಷ್ಟು ವರ್ಷ ಯಾವ ಮಾತನ್ನು ನೆನೆದರೂ ನಡುಗುತ್ತಿದ್ದಳೋ, ಅದನ್ನೇ ಅವಳು ಈಗ ನಗು ಬಚ್ಚಿಟ್ಟುಕೊಂಡು ಹೇಳಿದಳು.

"ಕೇಳಸ್ಲಿಲ್ಲರಿ."

ಹಂಪೇಶ್ ತಲೆ ಎತ್ತಿ ಅವಳನ್ನು ನೋಡಿದ. ಕುರ್ಚಿ ಸರಿಸಿ ಎದ್ದು, ಹತ್ತಿರ ಬಂದ.